ಬಿಳಿ ಇರೋದು ನಮ್ಮೂರ ಹೆಸರಲ್ಲಿ ಮಾತ್ರ: ಹಿಮ, ಸ್ಕೀ ಮತ್ತು ಒಬ್ಬ ಕೊಡಗಿನ ಜನರಲ್

ಭಾಗ 1

ನಮ್ಮೂರು ಬಿಳಿಚೋಡು. ಹೆಸರಲ್ಲೇ ಬಿಳಿ ಇದೆ, ಆದ್ರೆ ಆಕಾಶದಿಂದ ಬಿಳಿ ಬಣ್ಣದ್ದು ಬಿದ್ದಿದ್ದನ್ನ ನಾನು ನೋಡಿರೋದು ಒಂದೇ, ಆಲಿಕಲ್ಲು. ಅದೂ ಬಿದ್ದ ಎರಡು ನಿಮಿಷಕ್ಕೆ ಕರಗಿ ಹೋಗುತ್ತೆ. ಜಗಳೂರು ತಾಲ್ಲೂಕು ಅಂದ್ರೆ ಎಲ್ಲರಿಗೂ ಗೊತ್ತಿರೋದು ಬರ. ನಮ್ಮ ಕಡೆ ಮಳೆ ಬಂದ್ರೆ ಸುದ್ದಿ, ಬರದಿದ್ರೆ ಮಾಮೂಲಿ.

ಹಿಂಗಿರೋವಾಗ ಹೋದ ತಿಂಗಳು ಕಾಲೇಜಿಂದ ಬರ್ತಾ ಬಸ್ಸಲ್ಲಿ ಫ್ರೆಂಡ್ಸ್ ಹತ್ರ ಒಂದು ಮಾತು ಅಂದೆ. ಡಿಗ್ರಿ ಮುಗಿಯೋದ್ರೊಳಗೆ ಒಂದು ಸಲ ಸ್ಕೀಯಿಂಗ್ ಬೇಸಿಕ್ ಕೋರ್ಸ್ ಮಾಡ್ಬೇಕು ಅಂತ. ಇಡೀ ಬಸ್ ನಕ್ತು. "ಜಗಳೂರಿನೋಳಿಗೆ ಹಿಮ ಯಾಕೆ? ಮೊದ್ಲು ಕೆರೆ ಏರಿ ಮೇಲೆ ಜಾರು" ಅಂದ ಒಬ್ಬ. ಇನ್ನೊಬ್ಬಳು, "ಅದು ದುಡ್ಡಿರೋರ ಆಟ ಕಣೇ, ಸಿನಿಮಾದೋರು ಸ್ವಿಟ್ಜರ್ಲೆಂಡಿಗೆ ಹೋಗಿ ಆಡ್ತಾರಲ್ಲ, ಅದು" ಅಂದ್ಲು. ನಾನೂ ನಕ್ಕೆ. ಆದ್ರೆ ಮನೆಗೆ ಬಂದ್ಮೇಲೆ ತಲೆ ಕೊರೀತು. ಹಿಮದಲ್ಲಿ ಹುಟ್ಟಿದೋರಿಗೆ ಮಾತ್ರಾನಾ ಈ ಆಟ? ದುಡ್ಡಿರೋರಿಗೆ ಮಾತ್ರಾನಾ? ಇದು ನಮ್ಮ ದೇಶಕ್ಕೆ ಹೆಂಗೆ ಬಂತು, ಯಾರು ತಂದ್ರು?

ಓದ್ತಾ ಹೋದಂಗೆ ಸಿಕ್ಕಿದ್ದು ಬೇರೇನೇ ಕತೆ. ಅದರ ಮಧ್ಯದಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಒಬ್ಬರು ನಿಂತಿದ್ರು. ಅದಕ್ಕೇ ಈ ಸರಣಿ. ಬಿ.ಕಾಂ ಹುಡುಗಿ ಇತಿಹಾಸ ಬರೀತಿದಾಳೆ, ತಪ್ಪಿದ್ರೆ ಹೇಳಿ.

ಭಾಗ 2

ಮೊದಲು ಮಾತಿನ ವಿಷಯ. ಅಜ್ಜಿಗೆ ಹೇಳೋಣ ಅಂತ ಕೂತೆ. "ಮಂಜಿನ ಮೇಲೆ ಜಾರೋ ಆಟ ಅಜ್ಜಿ" ಅಂದೆ. "ಮಂಜಿನ ಮೇಲೆ ಯಾರಾದ್ರೂ ಜಾರ್ತಾರೇನೇ, ಅದು ಕೈಗೆ ಸಿಗುತ್ತಾ?" ಅಂದ್ರು. ಅವರು ಹೇಳಿದ್ದೂ ಸರಿನೇ. ನಮಗೆ ಮಂಜು ಅಂದ್ರೆ ಬೆಳಗಿನ ಜಾವ ಹೊಲದ ಮೇಲೆ ಕೂತಿರೋ ಹೊಗೆ. ಇಬ್ಬನಿ ಅಂದ್ರೆ ಹುಲ್ಲಿನ ತುದಿಯ ಹನಿ. ಹಿಮ ಅನ್ನೋ ಪದ ಇದೆ, ಆದ್ರೆ ಅದು ಹಿಮಾಲಯದ ಜೊತೆ ಪುಸ್ತಕದಲ್ಲಿ ಬರೋ ಪದ, ಅಡುಗೆಮನೆ ಪದ ಅಲ್ಲ. ಸ್ಕೀಯಿಂಗಿಗೆ ಪರೀಕ್ಷೆ ಪುಸ್ತಕದೋರು ಏನೋ ಕನ್ನಡ ಮಾಡಿದ್ದಾರೆ, ಬಾಯಲ್ಲಿ ಯಾರೂ ಅನ್ನಲ್ಲ. ನಾನು ಸ್ಕೀ ಅಂತಲೇ ಬರೀತೀನಿ.

ಸ್ಕೀ ಅಂದ್ರೆ ಕಾಲಿಗೆ ಕಟ್ಟೋ ಎರಡು ಉದ್ದನೆ ಪಟ್ಟಿ. ಹಿಮದಲ್ಲಿ ಬರಿ ಬೂಟಲ್ಲಿ ನಡೆದ್ರೆ ಮೊಣಕಾಲ ತನಕ ಹೂತು ಹೋಗ್ತೀವಿ. ಪಟ್ಟಿ ಕಟ್ಟಿದ್ರೆ ಭಾರ ಹರಡಿಕೊಳ್ಳುತ್ತೆ, ಹೂತಲ್ಲ, ಜಾರುತ್ತೆ. ಅಷ್ಟೇ ಉಪಾಯ. ಉತ್ತರ ಯುರೋಪಿನ ಜನ ಸಾವಿರಾರು ವರ್ಷದಿಂದ ಬೇಟೆಗೆ, ಪಕ್ಕದೂರಿಗೆ ಹೋಗೋಕೆ ಹಿಂಗೇ ಓಡಾಡ್ತಿದ್ರು. ನಮಗೆ ಎತ್ತಿನಗಾಡಿ ಇದ್ದಂಗೆ ಅವರಿಗೆ ಸ್ಕೀ. ಆಟ ಆಗಿದ್ದು ಆಮೇಲೆ. 19ನೇ ಶತಮಾನದಲ್ಲಿ ನಾರ್ವೆಯ ಟೆಲಿಮಾರ್ಕ್ ಪ್ರದೇಶದ ಸೋಂಡ್ರೆ ನಾರ್‌ಹೈಮ್ ಅನ್ನೋ ಬಡ ರೈತ ಕುಟುಂಬದೋನು ಹಿಮ್ಮಡಿ ಹತ್ರನೂ ಕಟ್ಟು ಹಾಕಿ, ಇಳಿಜಾರಲ್ಲಿ ತಿರುಗೋದು, ಹಾರೋದು ತೋರಿಸಿಕೊಟ್ಟ. ಅಲ್ಲಿಂದ ಅದು ಆಲ್ಪ್ಸ್ ಬೆಟ್ಟಗಳಿಗೆ ಹೋಯ್ತು. ಶ್ರೀಮಂತರು ಬಂದ್ರು, ಹೋಟೆಲ್ ಬಂತು, ರೋಪ್‌ವೇ ಬಂತು.

ಇದರಲ್ಲಿ ಎರಡು ಜಾತಿ ಇದೆ, ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಆಲ್ಪೈನ್ ಸ್ಕೀಯಲ್ಲಿ ಹಿಮ್ಮಡಿ ಪಟ್ಟಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತೆ, ಲಿಫ್ಟಲ್ಲಿ ಮೇಲೆ ಹೋಗಿ ಕೆಳಗೆ ಜಾರೋದು. ಕ್ರಾಸ್ ಕಂಟ್ರಿಯಲ್ಲಿ ಹಿಮ್ಮಡಿ ಬಿಡುವಾಗಿರುತ್ತೆ, ಏರನ್ನೂ ನಾವೇ ಹತ್ತಬೇಕು, ಇಳಿಜಾರನ್ನೂ ನಾವೇ ಇಳೀಬೇಕು. ಒಂದರಲ್ಲಿ ಬೆಟ್ಟ ಕೆಲಸ ಮಾಡುತ್ತೆ, ಇನ್ನೊಂದರಲ್ಲಿ ಎದೆಗೂಡು. ಸ್ನೋಬೋರ್ಡ್ ಇವೆರಡಕ್ಕಿಂತ ತುಂಬಾ ಚಿಕ್ಕ ವಯಸ್ಸಿನದು. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶರ್ಮನ್ ಪಾಪ್ಪೆನ್ ಅನ್ನೋರು ತಮ್ಮ ಹೆಣ್ಣುಮಕ್ಕಳು ಆಡ್ಲಿ ಅಂತ ಎರಡು ಸ್ಕೀ ಜೋಡಿಸಿ ಒಂದೇ ಹಲಗೆ ಮಾಡಿದ್ರು. ಅದೇ ಬೆಳೆದು 1998ರ ನಗಾನೊ ಒಲಿಂಪಿಕ್ಸ್ ತಲುಪ್ತು. ನಮ್ಮ ಅಪ್ಪಾಜಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಭಾಗ 3

ಈಗ ನಮ್ಮ ದೇಶ.

ಗುಲ್ಮಾರ್ಗ್. ಕಾಶ್ಮೀರದ ಬಾರಾಮುಲ್ಲಾ ಜಿಲ್ಲೆ. ಬಟ್ಟಲಿನ ಥರ ಇರೋ ಹುಲ್ಲುಗಾವಲು, ಎತ್ತರ ಸುಮಾರು 2,650 ಮೀಟರ್. ನಮ್ಮ ರಾಜ್ಯದ ತುತ್ತತುದಿ ಮುಳ್ಳಯ್ಯನಗಿರಿ 1,930. ಅಂದ್ರೆ ಗುಲ್ಮಾರ್ಗಿನ ನೆಲನೇ ನಮ್ಮ ಶಿಖರಕ್ಕಿಂತ 700 ಮೀಟರ್ ಮೇಲಿದೆ. ಬೇಸಿಗೆಯಲ್ಲಿ ಬ್ರಿಟಿಷರು ಅಲ್ಲಿ ಗಾಲ್ಫ್ ಆಡ್ತಿದ್ರು. 1927ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಅಲ್ಲೇ ಸ್ಕೀ ಕ್ಲಬ್ ಆಫ್ ಇಂಡಿಯಾ ಶುರು ಮಾಡಿದ್ರು. ಹೆಸರಲ್ಲಿ ಇಂಡಿಯಾ, ಆಡಿದ್ದು ಸಾಹೇಬರು. ಇಲ್ಲಿವರೆಗೆ ನನ್ನ ಫ್ರೆಂಡ್ ಹೇಳಿದ್ದೇ ಸರಿ, ದುಡ್ಡಿರೋರ ಆಟ. 1947ಕ್ಕೆ ಅವರು ಗಂಟುಮೂಟೆ ಕಟ್ಟಿದ್ರು. ಆ ಕತೆ ಅಲ್ಲಿಗೇ ನಿಲ್ಲಬಹುದಿತ್ತು.

ನಿಲ್ಲಿಸದೇ ಇದ್ದಿದ್ದು ಆಟ ಅಲ್ಲ, ಯುದ್ಧ.

ಭಾಗ 4 (ಇದು ಉದ್ದ ಇದೆ, ಪೂರ್ತಿ ಓದಿ ಪ್ಲೀಸ್)

1947ರ ಅಕ್ಟೋಬರಲ್ಲಿ ಕಾಶ್ಮೀರದಲ್ಲಿ ಯುದ್ಧ ಶುರುವಾಯ್ತು. ಶ್ರೀನಗರದಿಂದ ಲೇಹ್‌ಗೆ ಹೋಗೋ ದಾರಿಯಲ್ಲಿ ಜೋಜಿ ಲಾ ಅಂತ ಒಂದು ಕಣಿವೆ ದಾರಿ ಇದೆ. ಎತ್ತರ ಸುಮಾರು 3,500 ಮೀಟರ್. ಚಳಿಗಾಲದಲ್ಲಿ ಹಿಮ ಬಿದ್ದು ಬಾಗಿಲು ಹಾಕಿದಂಗೆ ಮುಚ್ಚಿಹೋಗುತ್ತೆ. 1948ರ ಫೆಬ್ರವರಿಯಲ್ಲಿ ಮೇಜರ್ ಪೃಥಿ ಚಂದ್ ಅನ್ನೋ ಲಾಹೌಲಿನ ಅಧಿಕಾರಿ ಒಂದು ಸಣ್ಣ ತಂಡ ಕಟ್ಕೊಂಡು ಆ ಹಿಮದಲ್ಲೇ ಜೋಜಿ ಲಾ ದಾಟಿ ಮಾರ್ಚಲ್ಲಿ ಲೇಹ್ ಮುಟ್ಟಿದ್ರು. ಅವರು ಬೆಟ್ಟದಲ್ಲೇ ಹುಟ್ಟಿ ಬೆಳೆದೋರು. ಬಯಲುಸೀಮೆಯಿಂದ, ಕರಾವಳಿಯಿಂದ, ದಕ್ಷಿಣದಿಂದ ಬಂದ ಸಾವಿರಾರು ಸೈನಿಕರು ಏನ್ ಮಾಡ್ಬೇಕು?

ಆ ವರ್ಷ ಮೇ ತಿಂಗಳಿಂದ ಕಾಶ್ಮೀರ ಕಣಿವೆಯ 19ನೇ ಇನ್‌ಫೆಂಟ್ರಿ ಡಿವಿಷನ್‌ಗೆ ಮುಖ್ಯಸ್ಥರಾಗಿದ್ದೋರು ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹುಟ್ಟಿದ್ದು 1906ರ ಮಾರ್ಚ್ 31, ಮಡಿಕೇರಿ. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. ಕಾಫಿ, ಏಲಕ್ಕಿ, ಜಡಿಮಳೆ ಊರಿನೋರು. ಹಿಮದ ಊರಲ್ಲ.

ಆ ಸೆಪ್ಟೆಂಬರಲ್ಲಿ ಜೋಜಿ ಲಾ ಮೇಲೆ ಕಾಲಾಳುಗಳನ್ನ ಕಳಿಸಿ ನೋಡಿದ್ರು, ಆಗ್ಲಿಲ್ಲ. ಮೇಲೆ ಬಂಡೆ ಸಂದಿಯಲ್ಲಿ ಕೂತ ಶತ್ರು, ಕೆಳಗೆ ಬಯಲಲ್ಲಿ ನಮ್ಮೋರು. ಆಗ ಬಂದ ಯೋಚನೆ ಟ್ಯಾಂಕ್. ಅಷ್ಟು ಎತ್ತರಕ್ಕೆ ಯಾರೂ ಟ್ಯಾಂಕ್ ತಂದಿರಲಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲ್ಭಾಗ ಬಿಚ್ಚಿ, ಮುಚ್ಚಿ, ಗುಟ್ಟಾಗಿ ಶ್ರೀನಗರಕ್ಕೆ ಸಾಗಿಸಿದ್ರು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದಿದ್ದು ಹೇಸರಗತ್ತೆ ಹೋಗೋ ದಾರಿ. ಅದನ್ನ ಅಗಲ ಮಾಡಿದೋರು ಮದ್ರಾಸ್ ಸ್ಯಾಪರ್ಸ್, ಅಂದ್ರೆ ಬೆಂಗಳೂರಿನ ಹಲಸೂರು ಕೆರೆ ಪಕ್ಕ ಕೇಂದ್ರ ಇರೋ ಪಡೆ. 1948ರ ನವೆಂಬರ್ 1, ಹಿಮ ಬೀಳ್ತಿರೋವಾಗ ಟ್ಯಾಂಕುಗಳು ಹತ್ತಿದ್ವು. ತಿಮ್ಮಯ್ಯನೋರು ತಾವೇ ಮುಂಚೂಣಿಯಲ್ಲಿ ಟ್ಯಾಂಕ್ ಏರಿ ಹೋಗಿದ್ರು. ಜೋಜಿ ಲಾ ತೆರೀತು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೈಗೆ ಬಂದ್ವು.

ಇದು ಎಲ್ಲರೂ ಹೇಳೋ ಕತೆ. ನನಗೆ ಮುಖ್ಯ ಅನ್ನಿಸಿದ್ದು ಅದರ ಮುಂದಿನ ತಿಂಗಳದ್ದು, ಅದನ್ನ ಯಾರೂ ಅಷ್ಟಾಗಿ ಹೇಳಲ್ಲ. 1948ರ ಡಿಸೆಂಬರಲ್ಲಿ ತಿಮ್ಮಯ್ಯನೋರು ಗುಲ್ಮಾರ್ಗಿನಲ್ಲಿ ತಮ್ಮ ಡಿವಿಷನ್ನಿನ ಸೈನಿಕರಿಗೆ ಒಂದು ಸ್ಕೀ ಶಾಲೆ ತೆರೆದ್ರು. ಸಾಹೇಬರು ಗಾಲ್ಫ್ ಆಡಿ, ಸ್ಕೀ ಜಾರಿ ಬಿಟ್ಟುಹೋದ ಅದೇ ಗುಲ್ಮಾರ್ಗ್. ಕದನವಿರಾಮ ಬಂದಿದ್ದು 1949ರ ಜನವರಿ 1ಕ್ಕೆ. ಅಂದ್ರೆ ಯುದ್ಧ ಇನ್ನೂ ಮುಗಿದೇ ಇರಲಿಲ್ಲ, ಮುಂದಿನ ಚಳಿಗಾಲಗಳ ಲೆಕ್ಕ ಆಗ್ಲೇ ಹಾಕಿದ್ರು.

ಆ ಶಾಲೆ ಬೆಳೀತು. 1962ರ ಏಪ್ರಿಲ್ 8ರಂದು ಅದಕ್ಕೆ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಅಂತ ಹೆಸರಾಯ್ತು. ಇವತ್ತಿಗೂ ಗುಲ್ಮಾರ್ಗಿನಲ್ಲೇ ಇದೆ. ಬೇರೆ ದೇಶದ ಸೈನಿಕರೂ ಅಲ್ಲಿಗೆ ಬಂದು ಕಲೀತಾರೆ. 1978ರಲ್ಲಿ ಸಿಯಾಚಿನ್ ಕಡೆ ಮೊದಲ ದೊಡ್ಡ ಸೇನಾ ತಂಡ ಕರ್ಕೊಂಡು ಹೋದ ಕರ್ನಲ್ ನರೇಂದ್ರ ಕುಮಾರ್ ಇದೇ ಶಾಲೆ ನಡೆಸ್ತಿದ್ದೋರು.

ನಾನು ತಿಮ್ಮಯ್ಯ ಅಂದ್ರೆ ಸೇನಾ ಮುಖ್ಯಸ್ಥರು, 1957ರಿಂದ 61, ಅಂತ ಜಿ.ಕೆ.ಗೆ ಬಾಯಿಪಾಠ ಮಾಡಿದ್ದೆ. ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, 2021ರಲ್ಲಿ ತೆರೆದ್ರು. ಕೊಡಗು ಟ್ರಿಪ್ ಹೋದಾಗ ನಮ್ಮ ಬಸ್ ಮಡಿಕೇರಿಯಲ್ಲಿ ನಿಂತಿತ್ತು. ನಾವು ರಾಜಾಸೀಟಲ್ಲಿ ಸೆಲ್ಫಿ ತಗೊಂಡು ಬಂದ್ವಿ, ಆ ಮನೆಗೆ ಹೋಗ್ಲೇ ಇಲ್ಲ. ನನ್ನ ಹೈಲೈಟ್ಸಲ್ಲಿ ಆ ಸೆಲ್ಫಿಗಳು ಇನ್ನೂ ಇದಾವೆ.

ಭಾಗ 5

ಇಲ್ಲಿ ಸ್ವಲ್ಪ ನಿಲ್ಬೇಕು.

ಹಿಮ ಅಂದ್ರೆ ರೀಲ್ಸ್ ಅಂದ್ಕೊಂಡಿರೋರಿಗೆ: 2016ರ ಫೆಬ್ರವರಿ 3. ಸಿಯಾಚಿನ್‌ನ ಸೋನಂ ಪೋಸ್ಟ್. ಹಿಮ ಕುಸಿದು 19ನೇ ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದ್ರು. ಆರು ದಿನ ಆದ್ಮೇಲೆ ಒಬ್ಬರು ಉಸಿರಾಡ್ತಾ ಸಿಕ್ಕಿದ್ರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಧಾರವಾಡ ಜಿಲ್ಲೆಯ ಬೆಟದೂರು. ಆಗ ನಾನು ಪ್ರೈಮರಿ ಶಾಲೆ. ಪ್ರೇಯರಲ್ಲಿ ಅವರಿಗೋಸ್ಕರ ಕೈ ಮುಗಿಸಿದ್ದು ಜ್ಞಾಪಕ ಇದೆ. ಫೆಬ್ರವರಿ 11ಕ್ಕೆ ಅವರೂ ಹೋದ್ರು. ಆ ಹತ್ತು ಜನರಲ್ಲಿ ಕರ್ನಾಟಕದೋರು ಇನ್ನೂ ಇದ್ರು.

ಎರೆಹೊಲದ ಊರಿನ ಹುಡುಗ ಹಿಮದಲ್ಲಿ. "ಜಗಳೂರಿನೋಳಿಗೆ ಹಿಮ ಯಾಕೆ" ಅಂದ ಗೆಳೆಯನ ಚಿಕ್ಕಪ್ಪನೂ ಮಿಲಿಟರಿಯಲ್ಲೇ ಇದ್ದಾರೆ, ಲಡಾಖಲ್ಲಿ ಎರಡು ವರ್ಷ ಇದ್ದು ಬಂದೋರು. ಇದನ್ನ ನಾನು ಅವನಿಗೆ ಹೇಳಿಲ್ಲ. ಇಲ್ಲಿ ಓದ್ತಾನೆ.

ಭಾಗ 6

ಯುದ್ಧದ ಶಾಲೆ ಪಕ್ಕಕ್ಕೆ ಆಟದ ಶಾಲೆ ಬಂದಿದ್ದು 1960ರ ದಶಕದ ಕೊನೆಗೆ. ಕೇಂದ್ರದ ಪ್ರವಾಸೋದ್ಯಮ ಇಲಾಖೆ ಗುಲ್ಮಾರ್ಗಿನಲ್ಲಿ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಮಾಡ್ತು. ಆಮೇಲೆ ಗೊಂಡೋಲಾ. 1998ರಲ್ಲಿ ಮೊದಲ ಹಂತ ಕೊಂಗ್ಡೂರಿವರೆಗೆ, 2005ರಲ್ಲಿ ಎರಡನೇ ಹಂತ ಅಫರ್ವಾಟ್ ಬೆಟ್ಟದ ಭುಜದವರೆಗೆ, ಸುಮಾರು 3,950 ಮೀಟರ್. ಎರಡು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟಷ್ಟು.

ಒಂದೇ ಊರಲ್ಲಿ ಎಲ್ಲ ಮಟ್ಟದೋರಿಗೂ ಜಾಗ ಇರೋದು ಇದರ ವಿಶೇಷ. ಕೆಳಗಿನ ಬಟ್ಟಲು ಹೊಸಬರಿಗೆ. ಅಲ್ಲಿ ಮೊದಲ ದಿನ ಕಲಿಸೋದು ಜಾರೋದಲ್ಲ, ಬೀಳೋದು ಮತ್ತು ಏಳೋದು. ಆಮೇಲೆ ನಿಲ್ಲೋದು. ಎರಡು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದೆ ಅಗಲ ಮಾಡಿದ್ರೆ ನೇಗಿಲ ಥರ ಹಿಮ ತಳ್ಳಿ ವೇಗ ಕಮ್ಮಿಯಾಗುತ್ತೆ. ಸ್ನೋಪ್ಲೋ ಅಂತಾರೆ. ನೇಗಿಲು ನಮಗೆ ಹೊಸದಲ್ಲ ಬಿಡಿ. ಕೊಂಗ್ಡೂರಿ ಸುತ್ತ ಸ್ವಲ್ಪ ಕಲಿತೋರಿಗೆ. ಅಫರ್ವಾಟ್ ಮೇಲಿನದು ಪಳಗಿದೋರಿಗೆ ಮಾತ್ರ. ಅಲ್ಲಿ ಹಿಮಕುಸಿತದಿಂದ ಜೀವ ಹೋಗಿರೋ ಉದಾಹರಣೆ ಇದಾವೆ, ದಾರಿ ಗೊತ್ತಿರೋ ಗೈಡ್ ಇಲ್ಲದೇ ಇಳಿಯೋದು ಹುಚ್ಚು.

ನಮ್ಮ ಕಡೆಯಿಂದ ಟೂರ್ ಹೋದೋರು ಮಾಡೋದು ಇವ್ಯಾವೂ ಅಲ್ಲ. ಬಾಡಿಗೆ ಕೋಟು, ಬಾಡಿಗೆ ಗಮ್‌ಬೂಟು, ಮರದ ಸ್ಲೆಡ್ಜ್ ಮೇಲೆ ಕೂತು ಫೋಟೋ. ಎಳೆಯೋದು ಅಲ್ಲಿನ ಒಬ್ಬ ಬಡವ. ಸ್ಲೆಡ್ಜಿನ ಹಿಂದೆ ಹಗ್ಗ ಹಿಡಿದಿರೋನು ಮಾತ್ರ ಫೋಟೋದಲ್ಲಿ ಕಟ್ ಆಗಿರ್ತಾನೆ. ನಿಮ್ಮ ಸಂಬಂಧಿಕರ ಸ್ಟೇಟಸ್ ನೋಡಿ.

ಒಲಿಂಪಿಕ್ಸ್ ವಿಷಯ ಬೇಗ ಹೇಳಿಬಿಡ್ತೀನಿ. ಚಳಿಗಾಲದ ಒಲಿಂಪಿಕ್ಸಿಗೆ ಭಾರತದಿಂದ ಮೊದಲು ಹೋದೋರು 1964ರಲ್ಲಿ ಇನ್ಸ್‌ಬ್ರುಕ್‌ಗೆ ಜೆರೆಮಿ ಬುಯಾಕೋವ್ಸ್ಕಿ, ಪೋಲಿಷ್ ಮೂಲದೋರು, ಒಬ್ಬರೇ. ಮೊದಲ ಮಹಿಳೆ ಶೈಲಜಾ ಕುಮಾರ್, 1988, ಕ್ಯಾಲ್ಗರಿ, ಸ್ಲಾಲಂನಲ್ಲಿ 28ನೇ ಸ್ಥಾನ. 2018ರಲ್ಲಿ ಮನಾಲಿಯ ಆಂಚಲ್ ಠಾಕೂರ್ ಟರ್ಕಿಯಲ್ಲಿ ಕಂಚು ಗೆದ್ದಾಗ ಸ್ಕೀಯಿಂಗಲ್ಲಿ ಭಾರತಕ್ಕೆ ಮೊದಲ ಅಂತಾರಾಷ್ಟ್ರೀಯ ಪದಕ ಬಂತು. 2022ರ ಬೀಜಿಂಗಿಗೆ ಇಡೀ ಭಾರತದಿಂದ ಹೋದದ್ದು ಒಬ್ಬರೇ, ಕಾಶ್ಮೀರದ ಆರಿಫ್ ಖಾನ್. 140 ಕೋಟಿಗೆ ಒಬ್ಬರು. ಸ್ಟಾಟಿಸ್ಟಿಕ್ಸ್ ಸರ್ ಹತ್ರ ಇದರ ಸರಾಸರಿ ಕೇಳ್ಬೇಡಿ.

ಭಾಗ 7

ಈಗ ನಾನು ಕಾಯ್ತಿದ್ದ ಭಾಗ.

2025ರ ಆಗಸ್ಟ್. ನಮಗೆ ಮಳೆಗಾಲ, ಭೂಮಿಯ ಆ ಕಡೆ ಚಿಲಿಯಲ್ಲಿ ಚಳಿಗಾಲ. ಅಲ್ಲಿನ ಕೊರಾಲ್ಕೊ ಅನ್ನೋ ಸ್ಕೀ ರೆಸಾರ್ಟಲ್ಲಿ ಕ್ರಾಸ್ ಕಂಟ್ರಿ ರೇಸ್, 5 ಕಿ.ಮೀ. ಮೂರನೆಯವರಾಗಿ ಬಂದೋರು ಭವಾನಿ ತೆಕ್ಕಡ ನಂಜುಂಡ. ಸಮಯ 21 ನಿಮಿಷ 4.9 ಸೆಕೆಂಡ್. ಕ್ರಾಸ್ ಕಂಟ್ರಿ ಸ್ಕೀಯಿಂಗಲ್ಲಿ ಅಂತಾರಾಷ್ಟ್ರೀಯ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ. ಊರು? ಕೊಡಗು.

ಹೌದು, ಮತ್ತೆ ಕೊಡಗು. ನಾನು ಇದನ್ನ ಓದಿದಾಗ ಫೋನ್ ಕೆಳಗಿಟ್ಟು ಸುಮ್ನೆ ಕೂತೆ.

ಲೆಕ್ಕ ಹಾಕಿದೆ, ಅಭ್ಯಾಸ ನೋಡಿ. ಕಿಲೋಮೀಟರಿಗೆ ಸುಮಾರು 4 ನಿಮಿಷ 13 ಸೆಕೆಂಡ್, ಅದೂ ಹಿಮದಲ್ಲಿ, ಏರು ಇಳಿಜಾರು ಎರಡೂ ಸೇರಿ, ಲಿಫ್ಟ್ ಇಲ್ಲ, ಎರಡು ಕೋಲು ಎರಡು ಕಾಲು ಅಷ್ಟೇ. ನಾನು ಡಾಂಬರ್ ರೋಡಲ್ಲಿ ಓಡಿದ್ರೂ ಆ ವೇಗದಲ್ಲಿ ಒಂದು ಕಿಲೋಮೀಟರ್ ಆಗಲ್ಲ, ನೋಡಿದೀನಿ.

ಅವರು ಮೊದಲು ಬೆಟ್ಟ ಹತ್ತೋದು ಕಲಿತು, ಅಲ್ಲಿಂದ ಸ್ಕೀಗೆ ಬಂದೋರು. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ, ಗುಲ್ಮಾರ್ಗಿನಲ್ಲೇ, ಕರ್ನಾಟಕದ ಹೆಸರಲ್ಲಿ ಚಿನ್ನ ಗೆದ್ದಿದ್ದಾರೆ. ಪದಕ ಪಟ್ಟಿಯಲ್ಲಿ ಹಿಮಾಚಲ, ಸೇನಾ ತಂಡಗಳ ಮಧ್ಯೆ ಕರ್ನಾಟಕ ಅಂತ ನೋಡಿದ್ರೆ ಪ್ರಿಂಟಿಂಗ್ ಮಿಸ್ಟೇಕ್ ಅನ್ನಿಸುತ್ತೆ. 2023ರಲ್ಲಿ ಸ್ಲೊವೇನಿಯಾದ ಪ್ಲಾನಿಕಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೂ ಹೋಗಿದ್ರು. ಹಿಮ ಇಲ್ಲದ ಊರಿನ ಕ್ರಾಸ್ ಕಂಟ್ರಿ ಆಟಗಾರರಿಗೆ ಒಂದು ದಾರಿ ಇದೆ: ರೋಲರ್ ಸ್ಕೀ, ಗಾಲಿ ಇರೋ ಸ್ಕೀ, ಟಾರ್ ರೋಡ್ ಮೇಲೆ. ಯುರೋಪಿನೋರೂ ಬೇಸಿಗೆಯಲ್ಲಿ ಅದನ್ನೇ ಮಾಡ್ತಾರೆ. ಹಂಗಾಗಿ "ಕೆರೆ ಏರಿ ಮೇಲೆ ಜಾರು" ಅಂದೋನು ಗೊತ್ತಿಲ್ಲದೆ ಸರಿಯಾದ ಟ್ರೈನಿಂಗ್ ಪ್ಲಾನ್ ಹೇಳಿದ್ದ.

ಕೊಡಗಿನ ಜನರಲ್ ಶಾಲೆ ತೆರೆದ ಗುಲ್ಮಾರ್ಗಿನಲ್ಲಿ, ಮುಕ್ಕಾಲು ಶತಮಾನ ಆದ್ಮೇಲೆ, ಕೊಡಗಿನ ಹುಡುಗಿ ಚಿನ್ನ ಹಾಕ್ಕೊಂಡಿದ್ದಾಳೆ. ಇವೆರಡಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಅದು ಸೈನಿಕರ ಶಾಲೆ, ಇದು ಆಟ. ಆದ್ರೆ ಸ್ವತಂತ್ರ ಭಾರತದಲ್ಲಿ ಸ್ಕೀ ಅನ್ನೋದು ಹಿಮ ಇಲ್ಲದ ಊರಿನೋರಿಗೆ ಹಿಮ ಕಲಿಸೋ ಕೆಲಸವಾಗಿ ಶುರುವಾಯ್ತು, ರೆಸಾರ್ಟ್ ಆಮೇಲೆ ಬಂತು. ಬಸ್ಸಲ್ಲಿ ನಕ್ಕೋರಿಗೆ ನನ್ನ ಉತ್ತರ ಇಷ್ಟೇ.

ಭಾಗ 8

ಒಂದು ಕೆಟ್ಟ ಸುದ್ದಿನೂ ಇದೆ. ಬರ ಅಲ್ಲಿಗೂ ಬಂದಿದೆ.

2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮ ಇಲ್ಲದೆ ಕಂದು ಬಣ್ಣಕ್ಕೆ ತಿರುಗಿತ್ತು. 2025ರ ಫೆಬ್ರವರಿಯಲ್ಲಿ ನಡೀಬೇಕಿದ್ದ ಖೇಲೋ ಇಂಡಿಯಾ ಕೂಟವನ್ನ ಹಿಮ ಸಾಲದೆ ಮುಂದಕ್ಕೆ ಹಾಕಿ ಮಾರ್ಚಲ್ಲಿ ನಡೆಸಿದ್ರು. ಆ ಫೋಟೋ ಅಪ್ಪಾಜಿಗೆ ತೋರಿಸಿದೆ. ಅವರಿಗೆ ಸ್ಕೀ ಅರ್ಥ ಆಗ್ಲಿಲ್ಲ, ಒಣಗಿದ ನೆಲ ತಕ್ಷಣ ಅರ್ಥ ಆಯ್ತು. "ಪಾಪ, ಅವರಿಗೂ ಕೈಕೊಡ್ತಾ" ಅಂದ್ರು. ಉತ್ತರಾಖಂಡದ ಔಲಿಯಲ್ಲಿ ಹಿಮ ತಯಾರು ಮಾಡೋ ಯಂತ್ರಕ್ಕೆ ನೀರು ಬೇಕು ಅಂತ ಬೆಟ್ಟದ ಮೇಲೆ ಕೆರೆ ಕಟ್ಟಿದ್ದಾರೆ. ಇದು ಅಪ್ಪಾಜಿಗೆ ಇನ್ನೂ ಚೆನ್ನಾಗಿ ಅರ್ಥ ಆಯ್ತು. ನಮ್ಮ ತಾಲ್ಲೂಕಿನ ಕೆರೆಗಳಿಗೂ ಪೈಪಲ್ಲೇ ತಾನೆ ತುಂಗಭದ್ರೆ ಬರಬೇಕಿರೋದು. ಬೀಜಿಂಗ್ ಒಲಿಂಪಿಕ್ಸ್ ಹೆಚ್ಚೂಕಮ್ಮಿ ಪೂರ್ತಿ ಯಂತ್ರದ ಹಿಮದ ಮೇಲೇ ನಡೀತು. ಔಲಿಯ ಕೆಳಗಿನ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ಮನೆಗಳು ಬಿರುಕು ಬಿಟ್ವು, ರೋಪ್‌ವೇ ನಿಲ್ಲಿಸಿದ್ರು. ಬೆಟ್ಟದ ಮೇಲೆ ಎಷ್ಟು ಭಾರ ಹೇರಬಹುದು ಅನ್ನೋ ಲೆಕ್ಕವನ್ನ ಯಾರೂ ಸರಿಯಾಗಿ ಬರೆದಿಟ್ಟಿಲ್ಲ ಅನ್ಸುತ್ತೆ ನನಗೆ.

ಭಾಗ 9, ಕೊನೇದು

ನನ್ನ ಅರ್ಜಿ ಏನಾಯ್ತು ಅಂತ ಕೇಳ್ತಿದೀರಲ್ಲ.

ಫಾರಂನಲ್ಲಿ ಪೋಷಕರ ಸಹಿ ಜಾಗ ಖಾಲಿ ಇದೆ. ಅಪ್ಪಾಜಿ ಬೇಡ ಅಂದಿದ್ದು ದುಡ್ಡಿಗಲ್ಲ, ನಾನು ಟ್ಯೂಷನ್ ಹೇಳಿ ಅಷ್ಟಿಷ್ಟು ಕೂಡಿಟ್ಟಿದೀನಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ರ 26 ಜನರನ್ನ ಕೊಂದ್ರು. ಅದರಲ್ಲಿ ನಮ್ಮ ಪಕ್ಕದ ಶಿವಮೊಗ್ಗದೋರೂ ಇದ್ರು. ಟಿವಿಯಲ್ಲಿ ಅದನ್ನ ನೋಡ್ತಾ ಅಪ್ಪಾಜಿ ಊಟ ಬಿಟ್ಟು ಎದ್ದಿದ್ರು. "ನೀನು ಹೇಳೋ ಇತಿಹಾಸ ಎಲ್ಲಾ ಸರಿ ಕಣವ್ವ. ನನ್ನ ಮಗಳು ಅಲ್ಲಿಗೆ ಹೋದ್ರೆ ನನಗೆ ಇಲ್ಲಿ ನಿದ್ದೆ ಬರುತ್ತಾ?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಎಂಟು ಭಾಗ ಬರೆದ್ರೂ ಇಲ್ಲ.

ಔಲಿಯಲ್ಲೂ ಏಳು ದಿನದ, ಹದಿನಾಲ್ಕು ದಿನದ ಕೋರ್ಸ್ ನಡೆಸ್ತಾರೆ. ಗುಲ್ಮಾರ್ಗ್ ಹೊಡೆದು ಹಾಕಿ ಔಲಿ ಅಂತ ಬರೆದೆ. ಬರೆಯೋವಾಗ ಕೈ ಸ್ವಲ್ಪ ತಡೀತು. ನಿನ್ನೆ ರಾತ್ರಿ ಕ್ರಾಸ್ ಕಂಟ್ರಿ ವಿಡಿಯೋ ಅಜ್ಜಿಗೆ ತೋರಿಸ್ತಿದ್ದೆ. "ಎರಡು ಕೋಲು ಊರ್ಕಂಡು ಎಷ್ಟು ಚೆಂದ ಹೋಗ್ತಾಳೆ ನೋಡು, ನಂಗೂ ಅಂಥವೆರಡು ಕೊಡ್ಸು" ಅಂದ್ರು ಅಜ್ಜಿ. ಅಪ್ಪಾಜಿ ಬಾಗಿಲ ಹತ್ರ ನಿಂತು ನೋಡ್ತಿದ್ರು. ಏನೂ ಅನ್ಲಿಲ್ಲ. ಮಲಗೋಕೆ ಹೋಗೋವಾಗ ಒಂದೇ ಮಾತು ಕೇಳಿದ್ರು: "ಆ ಔಲಿಗೆ ದಾವಣಗೆರೆಯಿಂದ ರೈಲು ಎಲ್ಲಿ ತನಕ ಐತೆ?"

ಬೆಳಗ್ಗೆ ಟೈಮ್‌ಟೇಬಲ್ ನೋಡಿ ಚೀಟಿಯಲ್ಲಿ ಬರೆದು, ಅವರ ಅಂಗಿ ಜೇಬಿಗೆ ಹಾಕಿ ಬಸ್ ಹತ್ತಿದೀನಿ.

#ಬಿಳಿಚೋಡು #ಜಗಳೂರು #ಜನರಲ್‌ತಿಮ್ಮಯ್ಯ #ನಮ್ಮಇತಿಹಾಸ